ಬರ್ತೀನಿ ಎಂಬ ಧಮಕಿ

ನೆನೆಸಿಟ್ಟ ಅವರೆಕಾಳನ್ನು ಹಿತುಕುತ್ತ ವರಾಂಡದಲ್ಲಿ ಕೂತಿದ್ದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಾತ್ರೆಗೆ, ಸಿಪ್ಪೆ ಕೈಗೆ. ಒಂದೊಂದು ಬೇಳೆ ಜಾರಿ ದೇವರಮನೆಯ ಹೊಸ್ತಿಲವರೆಗೂ ಹಾರುತ್ತದೆ. ಅದನ್ನು ನೈವೇದ್ಯ ಎಂದುಕೊಳ್ಳುತ್ತೇನೆ. ಆ ಬೆಳಿಗ್ಗೆ ಭಗವಂತನ ದಯೆ ಧಾರಾಳವಾಗಿತ್ತು. ಕಾವೇರಿ ನೀರು ಬಂದಿತ್ತು, ಹಾಲು ಉಕ್ಕಿರಲಿಲ್ಲ, ಮನೆಯವರು ಪೇಪರಿನಲ್ಲಿ ಮುಳುಗಿ ನನಗೆ ಸಲಹೆ ಕೊಡುವುದನ್ನು ಮರೆತಿದ್ದರು. ಇಷ್ಟೆಲ್ಲ ಒಟ್ಟಿಗೆ ಸಿಕ್ಕಾಗಲೇ ನಾನು ಹುಷಾರಾಗಬೇಕಿತ್ತು.

ಎದುರುಮನೆಯಾಕೆ ಗೇಟು ದೂಡಿಕೊಂಡು ಬಂದರು. ಬನಶಂಕರಿಯ ನಮ್ಮ ಬೀದಿಯ ಭಜನಾ ಮಂಡಳಿಗೆ ಅವರೇ ಮುಂದಾಳು, ವಾಟ್ಸಾಪ್ ಗುಂಪಿಗೂ ಅವರೇ ಅಡ್ಮಿನ್. ಬೆಳಗಾಗುತ್ತಲೇ ಲೋಕಕ್ಕೆಲ್ಲ ಒಳ್ಳೆಯದಾಗಲಿ ಎಂದು ತಾವರೆಹೂವಿನ ಚಿತ್ರ ಕಳಿಸುತ್ತಾರೆ. ತಿಂಡಿ ಆದ ಮೇಲೆ, ಆ ಲೋಕದಲ್ಲಿ ಯಾರ್‍ಯಾರ ಮೇಲೆ ಕಣ್ಣಿಡಬೇಕು ಎಂದು ಕಳಿಸುತ್ತಾರೆ.

"ರೀ, ಕೇಳಿದ್ರಾ? ಆ ಔಟ್‌ಹೌಸಿನೋಳು ನಂಗೆ ಧಮಕಿ ಹಾಕಿದ್ಲು!"

"ಏನಂತ?"

"ಮನೆ ಖಾಲಿ ಮಾಡಮ್ಮ ಅಂತ ಮರ್ಯಾದೆಯಾಗೇ ಹೇಳ್ದೆ. ಓನರೂ ಪಕ್ಕದಲ್ಲೇ ನಿಂತಿದ್ರು. ಅವಳು ಕೈ ಮುಗಿದು 'ಬರ್ತೀನಿ' ಅಂದ್ಲು ಕಣ್ರೀ! ಹೋಗು ಅಂದ್ರೆ ಬರ್ತೀನಿ ಅಂತಾಳಲ್ಲ, ಎಷ್ಟು ಕೊಬ್ಬು!"

"ಕೈ ಮುಗಿದು ಧಮಕಿ ಹಾಕಿದ್ಲಾ?"

"ಅದೇ ರೀ ಇವರ ಟ್ರಿಕ್ಕು. ಜನ ಕಟ್ಕೊಂಡು ಬರ್ತೀನಿ ಅಂತ ಅರ್ಥ. ಗ್ರೂಪಲ್ಲಿ ಹಾಕಾಯ್ತು. ಸಂಜೆಯೊಳಗೆ ಜಾಗ ಬಿಡದೇ ಇದ್ರೆ ಕಂಪ್ಲೇಂಟ್ ಕೊಡೋದೇ."

ಅವರೆಕಾಳು ನನ್ನ ಬೆರಳಲ್ಲೇ ನಿಂತಿತು. ಏಕೆಂದರೆ ಆ ಧಮಕಿಯನ್ನು ಅವಳಿಗೆ ಹೇಳಿಕೊಟ್ಟ ಗುರು ನಾನೇ.

ಪಕ್ಕದ ಮನೆಯ ಹಿಂದಿನ ಔಟ್‌ಹೌಸಿಗೆ ಮಳೆಗಾಲದ ಹೊತ್ತಿಗೆ ಗಂಡಹೆಂಡತಿ ಬಂದಿದ್ದರು. ಬಂಗಾಳದ ಉತ್ತರಕ್ಕೆ ಅವರ ಊರು. ಹೆಸರು ನನ್ನ ನಾಲಗೆಗೆ ಹೊಂದಲಿಲ್ಲ. ಗಂಡ ಬಿಟಿಎಂ ಲೇಔಟಿನ ಪೀಜಿಯೊಂದರಲ್ಲಿ ಅಡುಗೆಯವನು. ಅವಳು ಬಾಗಿಲ ಬಳಿ ಹೊಲಿಗೆ ಮಿಷನ್ ಇಟ್ಟುಕೊಂಡು ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ಯಾವ ದೇವರಿಗೆ ಕೈ ಮುಗಿಯುತ್ತಾಳೆಂದು ನಾನು ಕೇಳಿರಲಿಲ್ಲ. ಬೀದಿಯವರೆಲ್ಲ ಅದನ್ನು ನನ್ನ ಹತ್ತಿರ ಕೇಳಿದ್ದರು.

ಮೊದಲ ಸಲ ಸೀರೆ ತಂದುಕೊಟ್ಟ ದಿನ ಅವಳು ಮೆಟ್ಟಿಲಿಳಿಯುತ್ತ, "ಆಂಟಿ, ಹೋಗ್ತೀನಿ" ಎಂದಳು. ಶುಕ್ರವಾರ, ದೀಪ ಹಚ್ಚುವ ಹೊತ್ತು.

"ಅಯ್ಯೋ, ಹೋಗ್ತೀನಿ ಅನ್ಬಾರ್ದು ಕಣಮ್ಮ. ಹೋಗ್ತೀನಿ ಅಂದ್ರೆ ಒಂದೇ ಸಲ ಹೋಗೋದು. ಬರ್ತೀನಿ ಅನ್ಬೇಕು."

ಅವಳ ಮುಖ ಅರಳಿತು. "ನಮ್ ಊರಲ್ಲೂ ಸೇಮ್ ಆಂಟಿ! ನಾವು 'ಆಶಿ' ಅಂತೀವಿ. ಬರ್ತೀನಿ ಅಂತಾನೇ. ಇಲ್ಲಿ ಜನ ಹೋಗ್ತೀನಿ ಅಂತಾರೆ ಅಂದ್ಕೊಂಡೆ. ಭಯ ಆಯ್ತು."

ನಾವು ಅಷ್ಟು ಅಪಶಕುನದ ಮಂದಿಯೆಂದು ಪಾಪ ಅವಳು ಸಹಿಸಿಕೊಂಡಿದ್ದಳು. ಅಂದಿನಿಂದ ಗೇಟಿನ ಬಳಿ ತಪ್ಪದೆ "ಬರ್ತೀನಿ" ಎನ್ನುತ್ತಿದ್ದಳು, ನಾನು "ಬಾಮ್ಮ" ಎನ್ನುತ್ತಿದ್ದೆ.

ಎಲ್ಲ ಸರಿಯಾಗಿಯೇ ಇತ್ತು, ಗುಂಪಿಗೆ ಆ ಸಂದೇಶ ಬರುವವರೆಗೆ. ಗಡಿ ದಾಟಿ ಬಂದವರು ನಿಮ್ಮ ಬೀದಿಯಲ್ಲೂ ಇರಬಹುದು, ಎಚ್ಚರ, ಎಂದಿತ್ತು. ಯಾರು ಬರೆದರೋ, ಯಾವ ಬೀದಿಯ ಬಗ್ಗೆ ಬರೆದರೋ. ನಮ್ಮವರು ತಕ್ಷಣ ಎಚ್ಚರವಾದರು. ಅವಳು ಫೋನಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡುತ್ತಾಳೆ ಎಂಬುದು ಮೊದಲ ಸಾಕ್ಷಿ. ಮೀನು ಹುರಿಯುತ್ತಾಳೆ ಎಂಬುದು ಎರಡನೆಯದು. ಇನ್ನೊಂದು ಸಾಕ್ಷಿ ಬೇಕಾಗಲಿಲ್ಲ. ನಮ್ಮ ಬೀದಿ ನ್ಯಾಯವನ್ನು ತಡಮಾಡುವುದಿಲ್ಲ, ಕಸದ ಗಾಡಿಯ ವಿಷಯ ಬಿಟ್ಟು.

ಹೊರಗಿನವರು ಎಂದರೆ ಯಾರು ಎಂಬುದನ್ನು ನಾನು ಬಹಳ ವರ್ಷದ ಅನುಭವದಿಂದ ತಿಳಿದಿದ್ದೇನೆ: ನಮಗಿಂತ ಒಂದು ಬಸ್ಸು ಆಮೇಲೆ ಬಂದವರು. ಕೋಲಾರದ ಕಡೆಯಿಂದ ಬಂದ ನಾವು ಮೊದಲು ಇಲ್ಲಿ ಬಾಡಿಗೆಗೆ ಮನೆ ಕೇಳಿದಾಗ ಆ ಮನೆಯಾತ, "ಮನೇಲಿ ತೆಲುಗೋ?" ಎಂದು ಮೂಗು ಮುರಿದಿದ್ದ. ನನ್ನ ಅತ್ತೆ ಅಚ್ಚ ಕನ್ನಡದಲ್ಲಿ ಇಲ್ಲವೆಂದು, ಅಡುಗೆಮನೆ ನೋಡುವ ನೆವದಲ್ಲಿ ಒಳಗೆ ಹೋಗಿ ಅಚ್ಚ ತೆಲುಗಿನಲ್ಲಿ ಬೈದರು. ಎದುರುಮನೆಯಾಕೆ ತುಮಕೂರಿನ ಆಚೆಯವರು. ಅವರು ಬಂದಾಗ ನಾವು ಹಳಬರಾಗಿದ್ದೆವು. ಅವರ ಮೇಲೆ ಕಣ್ಣಿಟ್ಟಿದ್ದೆವು.

"ರೀ, ಬರ್ತೀನಿ ಅಂದ್ರೆ ಹೋಗಿ ಬರ್ತೀನಿ ಅಂತ. ನೀವು ದಿನಾ ನನ್ ಗೇಟಲ್ಲಿ ಅನ್ನಲ್ವಾ?" ಎಂದೆ.

"ನಾನಂದ್ರೆ ಅದು ಬೇರೆ ರೀ. ನಾವು ಬರ್ತೀನಿ ಅಂದ್ರೆ ಹೋಗ್ತೀವಿ ಅಂತ ಎಲ್ರಿಗೂ ಗೊತ್ತು."

ಇದು ಸುಳ್ಳು. ಅವರು ಬರ್ತೀನಿ ಎಂದ ಮೇಲೆ ಗೇಟು ಹಿಡಿದುಕೊಂಡು ಒಂದು ಧಾರಾವಾಹಿಯಷ್ಟು ಹೊತ್ತು ನಿಲ್ಲುತ್ತಾರೆ.

ಸೆರಗಿಗೆ ಕೈ ಒರೆಸಿಕೊಂಡು ಪಕ್ಕದ ಮನೆಗೆ ನಡೆದೆ. ನನಗೆ ಧೈರ್ಯವೇನೂ ಉಕ್ಕಿರಲಿಲ್ಲ. ನನ್ನ ಮೈಸೂರು ಸಿಲ್ಕ್ ಸೀರೆ ಅವಳ ಬಳಿ ಇತ್ತು, ಅದೊಂದು ನೆವ. ಎದುರುಮನೆಯಾಕೆ ನನ್ನ ರಕ್ಷಣೆಗೆಂದು ಹಿಂದೆಯೇ ಬಂದರು.

ಔಟ್‌ಹೌಸಿನ ಮುಂದೆ ಗಂಟುಗಳನ್ನು ಕಟ್ಟಿಯಾಗಿತ್ತು. ಹೊಲಿಗೆ ಮಿಷನ್ನಿಗೆ ಹಗ್ಗ ಬಿಗಿದಿತ್ತು. ಅವಳು ಕುಕ್ಕರನ್ನು ಬೆಡ್‌ಶೀಟಿನಲ್ಲಿ ಸುತ್ತುತ್ತಿದ್ದಳು. ಜನ ಕಟ್ಟಿಕೊಂಡು ಬರುವವಳು ಕುಕ್ಕರು ಕಟ್ಟಿಕೊಂಡು ಹೊರಟಿದ್ದಳು. ನನ್ನನ್ನು ನೋಡಿದವಳೇ ಒಳಗೋಡಿ ಸೀರೆ ತಂದಳು. ಫಾಲ್ಸ್ ಮುಗಿದಿತ್ತು, ಇಸ್ತ್ರಿಯೂ ಆಗಿತ್ತು.

"ಎಲ್ಲಿಗಮ್ಮ?"

"ಮಡಿವಾಳ, ಆಂಟಿ. ಇವರ ಫ್ರೆಂಡ್ ರೂಮ್. ಅಲ್ಲಿ ಐದು ಜನ ಇದಾರೆ, ಎಲ್ಲ ಗಂಡಸರು." ಅವಳು ತಲೆ ತಗ್ಗಿಸಿದಳು. "ಎರಡು ದಿನ. ಆಮೇಲೆ ಗೊತ್ತಿಲ್ಲ."

ಮನೆಯ ಮಾಲೀಕರು ಜಗಲಿಯಲ್ಲಿ ಗಡ್ಡ ಕೆರೆದುಕೊಳ್ಳುತ್ತ ಕೂತಿದ್ದರು. ಈ ಊರು ಬಡಾವಣೆ ಆಗುವ ಮುಂಚಿನಿಂದ ಇಲ್ಲಿದ್ದ ಒಕ್ಕಲು ಮನೆತನ ಅವರದು. ಅವರ ತಾಯಿ ಪಕ್ಕದಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದರು. ಅಜ್ಜಿಗೆ ಕಿವಿ ಮಂದ, ಹಾಗಾಗಿ ಬೀದಿಯ ಸುದ್ದಿಗಳಿಂದ ದೇವರು ಅವರನ್ನು ಕಾಪಾಡಿದ್ದ.

"ನಂಗೇನಮ್ಮ," ಎಂದರು ಮಾಲೀಕರು. "ಬಾಡಿಗೆ ಸರಿಯಾಗೇ ಕೊಡ್ತಾರೆ. ಆದ್ರೆ ಬೀದಿ ಎಲ್ಲಾ ಒಂದಾಗಿ ಹೇಳ್ತಿದೆ. ಅದ್ರ ಮೇಲೆ ಧಮಕಿ ಬೇರೆ."

"ಏನಂದ್ಲೋ ಅವ್ಳು?" ಅಜ್ಜಿ ಕೇಳಿದರು.

"ಬರ್ತೀನಿ ಅಂದ್ಲಮ್ಮ!" ಎಂದು ಕೂಗಿದರು ಮಗ.

"ಬರ್ತೀನಿ ಅಂದ್ಲಾ? ಅದ್ಕೆ ನೀನೇನಂದೆ?"

"ಏನನ್ನೋದು? ಸುಮ್ನಿದ್ದೆ."

ಅಜ್ಜಿ ಕುಟ್ಟಾಣಿ ಕೆಳಗಿಟ್ಟರು. "ಥೂ ನಿನ್ನ! ಹೆಣ್ಮಗಳು ಹೊಸ್ತಿಲಾಗೆ ನಿಂತು ಬರ್ತೀನಿ ಅಂದ್ರೆ ಬಾ ಅನ್ಬೇಕು ಕಣ್ಲಾ. ಬಾಯ್ ಮುಚ್ಕೊಂಡಿದ್ರೆ ಮನೆಗೆ ಒಳ್ಳೇದಾಯ್ತದಾ? ನಿನ್ನ ಹಂಗಾ ನಾನು ಸಾಕಿದ್ದು?"

ಎದುರುಮನೆಯಾಕೆ ಗಂಟಲು ಸರಿಮಾಡಿಕೊಂಡರು. "ಅಜ್ಜಿ, ಅವರು ಹೊರಗಿನೋರು."

"ಆಂ?"

"ಹೊರಗಿನೋರು ಅಜ್ಜಿ!"

"ಹೌದು ಕಣವ್ವ, ಎಲ್ಲಾರೂ ಹೊರಗಿನೋರೇ. ನಿಮ್ ಹಾಲ್ ಐತಲ್ಲ, ಅಲ್ಲಿ ನಮ್ ಎಮ್ಮೆ ಕಟ್ತಿದ್ವಿ. ನೀವು ಬರ್ತೀವಿ ಅಂತ ಬಂದ್ರಿ. ಎಮ್ಮೆ ಹೋಯ್ತು." ಅಜ್ಜಿಯ ದನಿಯಲ್ಲಿ ಕೋಪವಿರಲಿಲ್ಲ, ಎಮ್ಮೆಯ ನೆನಪಷ್ಟೇ ಇತ್ತು. ಮಗನ ಮೊಣಕೈ ತಿವಿದರು. "ಅನ್ನು."

ಮಾಲೀಕರು ನಮ್ಮಿಬ್ಬರ ಮುಖ ನೋಡಿದರು, ಗಂಟುಗಳನ್ನು ನೋಡಿದರು. ಬೀದಿಗೆ ಹೆದರುವುದೋ ತಾಯಿಗೆ ಹೆದರುವುದೋ ಎಂಬುದು ಕಷ್ಟದ ಪ್ರಶ್ನೆ. ತಾಯಿ ಹತ್ತಿರ ಕೂತಿದ್ದರು.

"ಬಾಮ್ಮ," ಎಂದರು ಕೊನೆಗೆ, ನೆಲ ನೋಡುತ್ತ.

ಅವಳಿಗೆ ಅರ್ಥವಾಗಲಿಲ್ಲ. ಬಾ ಎಂದರೆ ಹೋಗಿ ಬಾ ಎಂದೇ ತಿಳಿದು ಕುಕ್ಕರನ್ನು ಎತ್ತಿಕೊಂಡಳು. ನಾನು ಕಲಿಸಿದ ಕನ್ನಡ ಅಷ್ಟು ಚೆನ್ನಾಗಿತ್ತು.

"ಅಯ್ಯೋ ಹೋಗ್ಬೇಡ್ವೇ! ಇದು ನಿಜವಾದ ಬಾ," ಎಂದೆ. "ಒಳಗ್ ಬಾ ಅಂತ!"

ಅವಳು ಮಾಲೀಕರನ್ನು ನೋಡಿದಳು. ಅವರು ಮಿಷನ್ನಿನ ಹಗ್ಗದ ಗಂಟನ್ನು ತಾವೇ ಬಿಚ್ಚತೊಡಗಿದ್ದರು; ಗಂಟು ಬಿಗಿಯಾಗಿತ್ತು, ಬೈಯುತ್ತ ಹಲ್ಲು ಹಾಕಿದರು. ಅವಳು ಕುಕ್ಕರನ್ನು ಅಪ್ಪಿಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅತ್ತಳೋ ಇಲ್ಲವೋ ನಾನು ನೋಡಲು ಹೋಗಲಿಲ್ಲ. ಅಷ್ಟು ಮರ್ಯಾದೆ ನನಗೂ ಗೊತ್ತು.

ಬೀದಿಗೆ ಬುದ್ಧಿ ಬಂತೆಂದು ತಿಳಿಯಬೇಡಿ. ಗುಂಪಿನಲ್ಲಿ ಎದುರುಮನೆಯಾಕೆ, "ವಿಷಯ ಮಾತುಕತೆಯಿಂದ ಬಗೆಹರಿದಿದೆ, ಆದರೂ ಎಲ್ಲರೂ ಜಾಗ್ರತೆ" ಎಂದು ಹಾಕಿ ಕೈಮುಗಿಯುವ ಚಿತ್ರ ಸೇರಿಸಿದರು. ಆ ಮುಗಿದ ಕೈಯನ್ನು ಯಾರೂ ಧಮಕಿ ಎನ್ನಲಿಲ್ಲ. ನನ್ನ ಜೊತೆ ಗೇಟಿನವರೆಗೂ ಬಂದು, ನನ್ನ ಸೀರೆಯ ಅಂಚು ತಿರುವಿ ತಿರುವಿ ನೋಡಿದರು.

"ಹೊಲಿಗೆ ಕಾಣೋದೇ ಇಲ್ವಲ್ರೀ. ಇವಳಾ ಹಾಕಿದ್ದು? ನಾದಿನಿ ಮಗಳ ಮದುವೆಗೆ ನಂದೂ ಎರಡು ಸೀರೆ ಇದೆ. ನೀವೇ ಕೊಟ್ಟುಬಿಡಿ, ನಾನು ಕೊಟ್ರೆ ಸರಿಹೋಗಲ್ಲ."

"ನೀವೇ ಕೊಡಿ. 'ಬಾ' ಅಂತ ಒಂದು ಮಾತೂ ಅನ್ನಿ."

"ನೋಡೋಣ," ಎಂದರು. "ಸರಿ, ಬರ್ತೀನಿ ರೀ."

"ಬನ್ನಿ," ಎಂದೆ.

ಅವರು ನಿಂತೇ ಇದ್ದರು. ನಾನು ಒಳಗೆ ಬಂದು ಸೀರೆಯನ್ನು ಬೀರುವಿನಲ್ಲಿಟ್ಟೆ, ದೇವರಮನೆಯ ಹೊಸ್ತಿಲಲ್ಲಿ ಬಿದ್ದಿದ್ದ ಬೇಳೆಗಳನ್ನು ಆಯ್ದೆ, ಉಳಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕಲು ಕೂತೆ.