ಪುಟ್ಟ ಮೋಟಾರಿಗೆ ಬಣ್ಣ ಹೊಡೆದ ಸಂಗಮನಾಥ

ಶಹಾಪುರ ಬಸ್‌ಸ್ಟ್ಯಾಂಡಿನ ಹಿಂದೆ ಸಂಗಮನಾಥನ ಅಂಗಡಿ. ದೋರನಹಳ್ಳಿ ಕಡೆಯ ಹೊಲಗಳಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಕೈ ಒಳ್ಳೆಯದು, ಅನುಮಾನ ಮಾತ್ರ ಹುಟ್ಟಿನಿಂದಲೇ ಬಂದದ್ದು. ತೂಗಿಸಿ ತಂದ ತಂತಿಯನ್ನು ಮನೆಯಲ್ಲಿ ಮತ್ತೆ ತೂಗುವ ಆಸಾಮಿ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಬಸವೇಶ್ವರಿ ಹೇಳಿದರೂ ರುಚಿ ನೋಡಿಯೇ ನಂಬುತ್ತಾನೆ.

ಕಣ್ಣುಮುಚ್ಚಿ ನಂಬಿದ್ದು ಒಬ್ಬನನ್ನೇ. ಅವನು ಪಕ್ಕದ ಅಂಗಡಿಯ ಸುಲ್ತಾನಸಾಬ, ಟ್ರ್ಯಾಕ್ಟರ್, ಆಟೋಗಳಿಗೆ ಬಣ್ಣ ಹೊಡೆಯುವವನು. ಎರಡು ಅಂಗಡಿಗಳ ನಡುಗೋಡೆಯಲ್ಲಿ ಒಂದು ಕಿಂಡಿ. ಆ ಕಡೆಯಿಂದ ಚಹಾ ಬರುತ್ತಿತ್ತು, ಈ ಕಡೆಯಿಂದ ಬೈಗುಳ ಹೋಗುತ್ತಿತ್ತು, ಇಬ್ಬರೂ ಸುಖವಾಗಿದ್ದರು.

ಯಾದಗಿರಿಯ ಹತ್ತಿ ವ್ಯಾಪಾರಿ ಲಕ್ಷ್ಮಿಕಾಂತನಿಗೆ ರಿಮೋಟ್ ಕಾರುಗಳ ಹುಚ್ಚು. ಭಾನುವಾರ ಬಂತೆಂದರೆ ಗೆಳೆಯರನ್ನು ಕಟ್ಟಿಕೊಂಡು ತಿಂಥಣಿಯ ಹೊಳೆದಂಡೆಯಲ್ಲಿ ಮೊಳದುದ್ದದ ಕಾರು ಓಡಿಸುತ್ತಾನೆ. ಅವುಗಳ ಪುಟ್ಟ ಮೋಟಾರಿಗೆ ಚಂದದ ಬಣ್ಣ ಬೇಕೆಂದು, ಮೋಟಾರಿನ ಮರ್ಮ ಬಲ್ಲವನೆಂದು ಸಂಗಮನಾಥನ ಹತ್ತಿರವೇ ಬಂದ. ಬಣ್ಣ ದಪ್ಪವಾದರೆ ಬಿಸಿ ಒಳಗೇ ಉಳಿದು ಮೋಟಾರು ಸುಡುತ್ತದೆ. ಶಾಖ ತಡೆಯುವ ಬಣ್ಣವನ್ನೇ ತೆಳ್ಳಗೆ ಹೊಡೆಯಬೇಕು, ಗಾಳಿಯಾಡುವ ತೂತುಗಳಿಗೆ ಮೊದಲು ಟೇಪು ಅಂಟಿಸಬೇಕು. ಸುಲ್ತಾನಸಾಬ ಬಣ್ಣ ಕಲಸಿ ಕಿಂಡಿಯಲ್ಲಿ ಕೊಡುತ್ತಿದ್ದ, ಸಂಗಮನಾಥ ಹೊಡೆಯುತ್ತಿದ್ದ. ಮೋಟಾರು ನೇರಳೆ ಹಣ್ಣಿನಂತೆ ಮಿರಮಿರ ಮಿಂಚುತ್ತಿತ್ತು.

ಒಂದು ಭಾನುವಾರ ಒಂದು ಮೋಟಾರು ಓಡುತ್ತಲೇ ಬಿಗಿದು ನಿಂತಿತು. ಉಸುಕು ಹೊಕ್ಕಿದೆ ಎಂದು ಲಕ್ಷ್ಮಿಕಾಂತನೇ ಹೇಳಿದ. ಸಂಗಮನಾಥನ ತಲೆಯಲ್ಲಿ ಹುಳ ಹೊಕ್ಕಿತು. ತನ್ನ ಕೈಯಿಂದ ಹೋದ ಮೋಟಾರು ನಿಲ್ಲುವುದೆಂದರೇನು? ಯಾರದೋ ಕಣ್ಣು ಬಿದ್ದಿದೆ. ಹೊಲದ ಮೋಟಾರುಗಳಿಗೆ ವಿಭೂತಿ ಹಚ್ಚಿ ಕಳಿಸುವುದು ಅವನ ಹಳೆಯ ಪದ್ಧತಿ, ಆಟಿಕೆಗೇಕೆಂದು ಬಿಟ್ಟಿದ್ದ. ಈಗ ಟೇಪು ಕಿತ್ತಮೇಲೆ ಪ್ರತಿ ಪುಟ್ಟ ಮೋಟಾರಿಗೂ ಕೊಡೇಕಲ್ಲಿನ ಗುಡಿಯಿಂದ ತಂದ ವಿಭೂತಿಯನ್ನು ಮೂರು ಬೆರಳಲ್ಲಿ ದಪ್ಪಗೆ ಬಳಿದು, ಕೈಮುಗಿದು, ಹೊಳಪು ಕಾಣಲೆಂದು ಒರೆಸಿ ಕಳಿಸತೊಡಗಿದ.

ಮುಂದಿನ ವಾರ ಎರಡು ನಿಂತವು. ಆಮೇಲೆ ಮತ್ತೊಂದು.

ದೇವರ ರಕ್ಷೆಯನ್ನೂ ದಾಟಿ ಕೆಡುಕು ಬರುತ್ತಿದೆಯೆಂದರೆ ಅದು ಬಣ್ಣದಲ್ಲೇ ಇರಬೇಕು. ಬಣ್ಣ ಕಲಸುವವನು ಯಾರು? "ಸಾವಕಾರ ಯಾವಾಗ ಬರ್ತಾನೋ?" ಎಂದು ಸುಲ್ತಾನಸಾಬ ಕಿಂಡಿಯಲ್ಲಿ ಎಂದಿನಂತೆ ಕೇಳಿದ್ದಕ್ಕೂ ಸಂಗಮನಾಥನ ಕಿವಿ ನಿಮಿರಿತು. ಗಿರಾಕಿಯನ್ನು ತಾನೇ ಹಿಡಿಯುವ ಹಂಚಿಕೆ ಇದು. ಅಂದಿನಿಂದ ಚಹಾವನ್ನೂ ಮೂಸಿ ಕುಡಿಯತೊಡಗಿದ.

"ನಿಮಗ ಜ್ವರ ಬಂದಾಗ ದವಾಖಾನಿಗೆ ಹೊತ್ಗೊಂಡು ಹೋದಾಂವ ಅಂವ, ಮರ್ತೀರೇನು?" ಎಂದಳು ಬಸವೇಶ್ವರಿ.

"ಅದಕ್ಕ ಅವನ ಮ್ಯಾಲ ಯಾರಿಗೂ ಅನುಮಾನ ಬರಂಗಿಲ್ಲ" ಎಂದ ಸಂಗಮನಾಥ.

ಕೊನೆಗೆ ಲಕ್ಷ್ಮಿಕಾಂತ ನಿಂತುಹೋದ ಮೋಟಾರನ್ನು ತಂದು ಮೇಜಿನ ಮೇಲಿಟ್ಟ. "ಸಂಗಣ್ಣ, ಇನ್ನ ನಾ ಬ್ಯಾರೆ ಕಡಿ ನೋಡ್ಕೋತೀನ್ರಿ."

"ನನ್ನ ಕೈ ಸರಿ ಅದರಿ ಸಾವಕಾರ್ರ" ಎಂದ ಸಂಗಮನಾಥ, ಕಿಂಡಿಗೂ ಕೇಳುವಂತೆ. "ಸುಲ್ತಾನ ಬಣ್ಣದಾಗ ಏನೋ ಕಲಸ್ಯಾನ."

ಆ ಕಡೆ ಕಂಪ್ರೆಸರ್ ಸದ್ದು ನಿಂತಿತು. ಸುಲ್ತಾನಸಾಬ ಕೈ ಒರೆಸಿಕೊಳ್ಳುತ್ತ ಬಾಗಿಲಿನಿಂದ ಬಂದ. ಯಾರನ್ನೂ ನೋಡದೆ ಮೋಟಾರು ಬಿಚ್ಚಿದ. ಒಳಗೆ ತಿರುಗುವ ದಂಡದ ಬುಡದಲ್ಲಿ ಎಣ್ಣೆಯೊಡನೆ ಕಲಸಿ ಗಟ್ಟಿಯಾದ ಬೂದು ಕೆಸರಿತ್ತು. ಕೆರೆದು, ಉಜ್ಜಿ, ಮೂಸಿದ. ಆಮೇಲೆ ಆ ಬೆರಳನ್ನು ಸಂಗಮನಾಥನ ಮುಖದ ಹತ್ತಿರ ಹಿಡಿದ.

"ಇದು ನನ್ನ ಡಬ್ಬಿದಲ್ಲ ಸಂಗಣ್ಣ. ನಿನ್ನ ಹಣಿ ಮ್ಯಾಲಿಂದು."

ಸಂಗಮನಾಥ ಮೋಟಾರಿನ ತೂತುಗಳನ್ನು ನೋಡಿದ, ತನ್ನ ಮೂರು ಬೆರಳುಗಳನ್ನು ನೋಡಿಕೊಂಡ. ನಾಚಿಕೆಯಿಂದ ಕುಗ್ಗಿಹೋದ. ಲಕ್ಷ್ಮಿಕಾಂತ ನಕ್ಕು, ಬಣ್ಣ ಹೊಡೆಯಲು ಹೊಸ ಮೋಟಾರು ಕೊಟ್ಟು ಹೋದ. ಸುಲ್ತಾನಸಾಬ ನಗಲಿಲ್ಲ.

ಮರುದಿನ ಸಂಗಮನಾಥ ತಾನೇ ಚಹಾ ತರಿಸಿ ಕಿಂಡಿಯಲ್ಲಿಟ್ಟ. ಆ ಕಡೆಯಿಂದ ಬಣ್ಣದ ಡಬ್ಬಿ ಬಂತು. ಜೊತೆಗೆ ಅದೇ ಬಣ್ಣ ಬಳಿದ ಒಂದು ತಗಡಿನ ತುಂಡು, ಹಿಂದೆಂದೂ ಕೊಡದಿದ್ದದ್ದು.

"ಕಾಸಿ ನೋಡ್ಕೊ, ಕೆರದು ನೋಡ್ಕೊ" ಎಂದ ಸುಲ್ತಾನಸಾಬ. "ಚಾ ಬ್ಯಾಡ."