ಒಡವೆ ಪೆಟ್ಟಿಗೆಯ ಹಲ್ಲು

ನಮ್ಮ ಅತ್ತೆ ನಕ್ಕರೆ ಮೊದಲು ಕಾಣುತ್ತಿದ್ದುದು ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾದ ಹಲ್ಲಿನ ಸಾಲು. ಹೊಗೆಸೊಪ್ಪು ಸುಟ್ಟು ಮಾಡಿದ ಆ ಪುಡಿಯನ್ನು ಅಂಗೈಗೆ ಸುರಿದುಕೊಂಡು ಬೆಳಗ್ಗೆ ಹಿತ್ತಲಲ್ಲಿ ಕೂತರೆ, ಓಣಿಯ ಹೆಂಗಸರ ಸುದ್ದಿಯೆಲ್ಲ ಮುಗಿದ ಮೇಲೇ ಏಳುವುದು. ಬಣ್ಣ ಹೇಗೇ ಇರಲಿ, ಒಳಗೆ ಕೂತು ಅವರು ಕಡಕ್ ರೊಟ್ಟಿ ಕಡಿದರೆ ಸಪ್ಪಳ ಪಡಸಾಲೆಗೆ ಕೇಳುತ್ತಿತ್ತು.

ನಾನು ಗುರುಮಠಕಲ್ ಕಡೆಯವಳು, ಕೆರೆ ಕೆಳಗಿನ ಗದ್ದೆಯ ಅನ್ನ ಉಂಡು ಬೆಳೆದವಳು. ಶಹಾಪುರದ ಹತ್ತಿರದ ಜೋಳದ ಊರು ಸಗರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಜೋಳದ ಹಿಟ್ಟು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಬಡಿದರೆ ಹರಿಯುತ್ತಿತ್ತು, ಹಂಚಿಗೆ ಹಾಕಿದರೆ ಸೀಯುತ್ತಿತ್ತು. ಒಮ್ಮೆ ಮನೆಯ ಅಳಿಯ ಊಟಕ್ಕೆ ಕೂತವನು ನನ್ನ ರೊಟ್ಟಿಯನ್ನು ತಾಟಿಗೆ ಟಣ್ ಎಂದು ಬಡಿದು ನಕ್ಕ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಅತ್ತೆ ಒಲೆ ಬಿಟ್ಟು ಎದ್ದು ಬಂದರು. ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿ, ನಿಂತಲ್ಲೇ ಕಟಂ ಕಟಂ ಅಗಿದು ನುಂಗಿದರು.

“ಹಲ್ಲಿದ್ರ ತಿನ್ರಿ. ಇಲ್ದಿದ್ರ ನೀರಾಗ ನೆನಿ ಹಾಕ್ಕೋರಿ. ನಮ್ ಸೊಸಿ ರೊಟ್ಟಿ ಹಿಂಗ ಇರತಾವ.”

ಹೆತ್ತವಳು ಕೂಡ ಹಾಗೆ ನನ್ನ ಪರ ನಿಂತಿರಲಿಲ್ಲ.

ಮುಂದೆ ಕಾಲುವೆಗೆ ನೀರು ಬಂತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಅದೇ ವರ್ಷಗಳಲ್ಲಿ ಅತ್ತೆಯ ವಸಡು ಬಾತು, ಹಲ್ಲು ಒಂದೊಂದಾಗಿ ಕೈಗೆ ಬಂದವು. “ಕೆನಾಲ್ ಬಂದೈತಿ, ಮೆತ್ತಗ ಅನ್ನ ಉಣ್ಣು. ಈ ವಯಸ್ಸಿಗೆ ಹಲ್ಲು ತಗೊಂಡು ಏನ್ ಮಾಡ್ತಿ?” ಎಂದರು ಮಾವ.

“ಅನ್ನ ಉಂಡ್ರ ಹೊಟ್ಟಿ ತುಂಬತೈತಿ. ಬಾಯಿ ತುಂಬಂಗಿಲ್ಲ,” ಎಂದರು ಅತ್ತೆ.

ಆಮೇಲೆ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು. ಮದುವೆಗೆ ಹೋಗುವುದು ನಿಂತಿತು, ಹಿತ್ತಲ ಹರಟೆಯೂ ನಿಂತಿತು. ರವಿಕೆ ಸಡಿಲಾಯಿತು. ನನ್ನನ್ನು “ಸೊಸಿ” ಎಂದು ಕರೆಯುವುದನ್ನೂ ಬಿಟ್ಟರು, ಆ ಎರಡು ಅಕ್ಷರ ಬಾಯಿಂದ ಬರೀ ಗಾಳಿಯಾಗಿ ಹೋಗುತ್ತಿದ್ದವು. ಅಷ್ಟು ಜೋರಿನ ಹೆಂಗಸು ಮನೆಯಲ್ಲಿದ್ದೂ ಇಲ್ಲದಂತಾದದ್ದು ನನಗೆ ತಡೆಯಲಾಗಲಿಲ್ಲ. ಕೈ ಹಿಡಿದು ಬಸ್ಸು ಹತ್ತಿಸಿ ಶಹಾಪುರದ ಹಲ್ಲಿನ ಡಾಕ್ಟರರ ಬಳಿ ಕರೆದೊಯ್ದೆ. ಐದಾರು ಸಲ ಓಡಾಡಿದ ಮೇಲೆ ಬೆಳ್ಳನೆಯ ಹಲ್ಲಿನ ಸೆಟ್ಟು ಬಂತು.

ಬಂದದ್ದೇ ಅತ್ತೆ ಅದನ್ನು ಮೂಗುನತ್ತಿನ ಜೊತೆ ಒಡವೆ ಪೆಟ್ಟಿಗೆಗೆ ಸೇರಿಸಿದರು! ಮದುವೆಗೆ ಹೊರಟರೆ ಇಳಕಲ್ ಸೀರೆ, ನತ್ತು, ಹಲ್ಲು. ಪಂಕ್ತಿಯಲ್ಲಿ ಊಟಕ್ಕೆ ಕೂತರೋ, ಹಲ್ಲು ತೆಗೆದು ಸೆರಗಿನ ಗಂಟಿಗೆ. ಮನೆಗೆ ಬಂದರೆ ಮತ್ತೆ ಪೆಟ್ಟಿಗೆಗೆ. ಓಣಿಯವರೆಲ್ಲ ನಕ್ಕರು, ಮೊದಲು ನಾನೂ ನಕ್ಕೆ. ಆದರೆ ಗೋಡೆ ಕಡೆಯ ಊಟ ತಪ್ಪಲಿಲ್ಲ, ಮೈ ಇಳಿಯುವುದೂ ನಿಲ್ಲಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎಣ್ಣೆ ಹಾಕಿ ಕುಟ್ಟಿ ಮುಟಿಗಿ ಕಟ್ಟಿದೆ. ಪೆಟ್ಟಿಗೆ ತಂದು ತಾಟಿನ ಪಕ್ಕ ಇಟ್ಟೆ.

“ಹಲ್ಲು ಹಾಕ್ಕೊಂಡು ತಿನ್ರಿ ಅತ್ತಿ.”

“ಮುರದ್ರ?”

“ಮುರೀಲಿ. ನಿಮ್ ಸೊಸಿ ರೊಟ್ಟಿ ಹಿಂಗ ಇರತಾವ.”

ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕು, ಹಲ್ಲು ಹಾಕಿಕೊಂಡು, ಗೋಡೆಗೆ ಬೆನ್ನು ಮಾಡಿ ಕೂತರು. ಮುಟಿಗಿಯಿಂದ ಮೆತ್ತನೆಯ ರೊಟ್ಟಿಗೆ, ಅಲ್ಲಿಂದ ಕಡಕ್ ರೊಟ್ಟಿಗೆ ತಿಂಗಳುಗಟ್ಟಲೆ ಅಭ್ಯಾಸ. ಒಂದು ದಿನ ಒಳಗಿಂದ ಕಟಂ ಎಂದದ್ದು ಪಡಸಾಲೆಗೆ ಕೇಳಿತು. “ಬಂತು ನೋಡವ್ವ ಆಕಿ ಸಪ್ಪಳ,” ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ. ಮಿಶ್ರಿ ಮಾತ್ರ ಹಿತ್ತಲಿಗೆ ವಾಪಸ್ಸು ಬರಲಿಲ್ಲ, ಹರಟೆ ಬಂತು. “ಸೊಸೀ” ಎಂಬ ಕೂಗು ಮೂರು ಮನೆಯಾಚೆಗೂ ಕೇಳಿಸಿತು.

ಅದಾದ ಮೇಲೆ ಬಹಳ ವರ್ಷ ಬದುಕಿದರು. ಒಂದು ಮಧ್ಯಾಹ್ನ ನನ್ನ ಕೈಯ ರೊಟ್ಟಿ ಉಂಡು ಒರಗಿದವರು ಏಳಲಿಲ್ಲ. ಸ್ನಾನ ಮಾಡಿಸುವಾಗ ಹಿರಿಯ ಹೆಂಗಸರು ಮೂಗುಬೊಟ್ಟು ತೆಗೆದರು, ಕಿವಿಯದು ತೆಗೆದರು. ಒಬ್ಬಾಕೆ ಬಾಯಿಯ ಹತ್ತಿರ ಕೈ ಒಯ್ದು, “ಇದನ್ನೂ ತಗೀಲೇನವ್ವ?” ಎಂದು ಕೇಳಿದಳು.

“ಬ್ಯಾಡ್ರಿ, ಅದು ಒಡವಿ ಅಲ್ಲ,” ಎಂದೆ. “ಅಲ್ಲೂ ರೊಟ್ಟಿ ತಿನಬೇಕಲ್ರಿ ನಮ್ಮತ್ತಿ.”