ಐಸಿಯುವಿನಲ್ಲಿ ಲಿಂಗಂಪಲ್ಲಿಯ ಸೈಟು

ಮಿದುಳಿನ ರಕ್ತನಾಳಗಳು ಬಿಗಿದುಕೊಂಡಿವೆ, ಬಿ.ಪಿ. ಏರಿದರೇ ರಕ್ತ ಮುಂದೆ ಹರಿಯುವುದು ಎಂದು ಹೇಳಿದ ವೈದ್ಯರು ಬಿ.ಪಿ. ಏರಿಸುವ ಔಷಧಿಯ ಡ್ರಿಪ್ ಹೆಚ್ಚಿಸಿ ಹೋದರು. ತಲೆಯೊಳಗೆ ರಕ್ತನಾಳ ಒಡೆದು ಆಪರೇಷನ್ ಆಗಿದ್ದ ನನ್ನ ಅಣ್ಣನಿಗೆ ಬೆಳಗಿನಿಂದ ಬಲಗೈ ಎತ್ತಲಾಗುತ್ತಿರಲಿಲ್ಲ.

ಅವನ ಬಿ.ಪಿ. ಏರೀತೆಂದು ಮನೆಯಲ್ಲಿ ಅವನು ಹಿಂದೆ ಮಾರಿದ್ದ ಲಿಂಗಂಪಲ್ಲಿಯ ಸೈಟಿನ ಮಾತನ್ನೇ ನಿಷೇಧಿಸಿದ್ದ ಅತ್ತಿಗೆ ಈಗ ಅವನ ಕಿವಿಗೆ ಬಾಗಿದರು. "ಸೈಟ್ ಮಾರಬ್ಯಾಡ್ರಿ ಅಂತ ಬಡಕೊಂಡೆ. ಈಗ ಅಲ್ಲಿ ಸಾಫ್ಟ್‌ವೇರ್ ಕಂಪನಿ ಎದ್ದು ನಿಂತೈತಿ, ನೋಡ್ರಿ."

ಮಾನಿಟರಿನ ಅಂಕಿ ಏರತೊಡಗಿತು. ಸ್ವಲ್ಪ ಹೊತ್ತಿಗೆ ಅಣ್ಣ ಕಣ್ಣು ತೆರೆದು, "ಮತ್ತ ಸುರು ಮಾಡಿದಿ?" ಎನ್ನುತ್ತ ಅದೇ ಬಲಗೈ ಎತ್ತಿ ಸಾಕೆಂದು ಬೀಸಿದ.

ಔಷಧಿಯ ಕೆಲಸವೇ ಇರಬೇಕು. ಅಣ್ಣ ಈಗ ಮನೆಯಲ್ಲಿದ್ದಾನೆ, ಮತ್ತೆ ಬಿ.ಪಿ. ಏರಕೂಡದು. ಲಿಂಗಂಪಲ್ಲಿ ದಾಟಿ ಹೋಗುವ ಬಸ್ಸಿನಲ್ಲಿ ಅತ್ತಿಗೆ ಅವನಿಗೆ ಕಿಟಕಿಯ ಸೀಟು ಕೊಡುವುದಿಲ್ಲ.